ಹಾಲುಗಲ್ಲು: ಎಲ್ಲರ ಟ್ಯಾಂಕಿನ ಹಠಮಾರಿ ಕೊಳೆ



ನೀರು ಕಾಯಿಸುವ ತಾಮ್ರದ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟುವುದನ್ನು ನೋಡಿದ್ದೀರಿ. ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗದು, ಹುಣಸೆಹುಳಿ ಹಚ್ಚಿದರೆ ಸಡಿಲಾಗುತ್ತದೆ. ಹಲವು ಮನೆಗಳ ಹಾಲು ಸೇರುವ ಬಿ.ಎಂ.ಸಿ. ಶೀತಲೀಕರಣ ಟ್ಯಾಂಕಿನಲ್ಲೂ ಇಂಥ ಪೊರೆ ಕಟ್ಟುತ್ತದೆ. ಅದೇ ಹಾಲುಗಲ್ಲು.

ಇದು ಹೇಗೆ ಕಟ್ಟುತ್ತದೆ?
ಹಾಲಿನ ಸುಣ್ಣದ ಅಂಶ, ಪ್ರೋಟೀನ್, ಜಿಡ್ಡು ಮತ್ತು ತೊಳೆಯುವ ನೀರಿನ ಲವಣ ಸೇರಿ ಪೊರೆಯಾಗುತ್ತವೆ. ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಕೊಳವೆಬಾವಿಯ ನೀರು ಗಡಸಾಗಿರುವ ಊರುಗಳಲ್ಲಿ ಇದು ಬೇಗ ಕಟ್ಟುತ್ತದೆ. ಒದ್ದೆ ಇರುವಾಗ ಕಾಣುವುದಿಲ್ಲ. ಟ್ಯಾಂಕು ಒಣಗಿದ ಮೇಲೆ ಟಾರ್ಚ್ ಬಿಟ್ಟರೆ ಬೆಳ್ಳಗೆ ಕಾಣುತ್ತದೆ.

ಈ ಪೊರೆಯ ಅಡಿಯಲ್ಲಿ ಸೂಕ್ಷ್ಮಾಣುಗಳು ಅಡಗುತ್ತವೆ. 4 ಡಿಗ್ರಿಗೆ ತಣಿಸಿದರೆ ಅವು ಸಾಯುವುದಿಲ್ಲ, ಬೆಳೆಯುವುದು ನಿಧಾನವಾಗುತ್ತದೆ ಅಷ್ಟೆ. ನೀವು ಎಷ್ಟೇ ಶುಚಿಯಾಗಿ ಕರೆದು ತಂದರೂ ಟ್ಯಾಂಕಿನಲ್ಲಿ ಹಾಲು ಕೆಟ್ಟರೆ ನಿಮ್ಮದನ್ನು ಬೇರೆ ಮಾಡಲು ಬರುವುದಿಲ್ಲ. ನಷ್ಟ ಎಲ್ಲರದು.

ತೊಳೆಯುವ ಕ್ರಮ
1. ಟ್ಯಾಂಕು ಖಾಲಿಯಾದ ಕೂಡಲೇ ಕರೆಂಟ್ ಆಫ್ ಮಾಡಿ, ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಿನಿಂದ ತೊಳೆಯಬೇಕು. ಮೊದಲೇ ಕುದಿನೀರು ಹಾಕಿದರೆ ಪ್ರೋಟೀನ್ ಬೆಂದು ಅಂಟಿಕೊಳ್ಳುತ್ತದೆ.
2. 10 ಲೀಟರ್ ಬಿಸಿನೀರಿಗೆ 100 ಗ್ರಾಂ ತೊಳೆಯುವ ಸೋಡಾ ಕರಗಿಸಿ, ಉದ್ದ ಹಿಡಿಯ ಬ್ರಷ್‌ನಿಂದ ತಿಕ್ಕಬೇಕು. ಹಾಲು ತಿರುವುವ ರೆಕ್ಕೆ, ಅಳತೆ ಕೋಲು, ಮುಚ್ಚಳದ ರಬ್ಬರ್, ನಲ್ಲಿಯ ಬಾಯಿ ಮರೆಯಬಾರದು. ಸೋಡಾ ಜಿಡ್ಡು ಮತ್ತು ಪ್ರೋಟೀನ್ ತೆಗೆಯುತ್ತದೆ, ಕಲ್ಲನ್ನಲ್ಲ.
3. ಜಾರಿಕೆ ಹೋಗುವವರೆಗೆ ನೀರಿನಿಂದ ತೊಳೆಯಬೇಕು.
4. ವಾರಕ್ಕೊಮ್ಮೆ ಡೈರಿಗೆಂದೇ ತಯಾರಿಸಿದ ಆಮ್ಲದ್ರಾವಣ ಬಳಸಬೇಕು. ಪ್ರಮಾಣ ಡಬ್ಬಿಯ ಮೇಲೆ ಬರೆದಷ್ಟೇ. ಕಲ್ಲನ್ನು ಕರಗಿಸುವುದು ಇದೇ.
5. ಮತ್ತೆ ಶುದ್ಧ ನೀರಿನಿಂದ ತೊಳೆದು, ನೀರು ಪೂರ್ತಿ ಬಸಿದು ಒಣಗಲು ಬಿಡಬೇಕು.

ಎಚ್ಚರಿಕೆ
• ಆಮ್ಲ ಮತ್ತು ಬ್ಲೀಚಿಂಗ್ ಪುಡಿ ಎಂದೂ ಸೇರಬಾರದು. ಉಸಿರು ಕಟ್ಟಿಸುವ ವಿಷಗಾಳಿ ಏಳುತ್ತದೆ.
• ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ.
• ಕೈಗವಸು, ಕನ್ನಡಕ ಬೇಕು. ಟ್ಯಾಂಕಿನ ಒಳಗೆ ಇಳಿಯಬಾರದು.
• ಪಾಯಿಖಾನೆ ತೊಳೆಯುವ ಆಸಿಡ್ ಬೇಡ, ಅದು ಸ್ಟೀಲನ್ನು ತಿನ್ನುತ್ತದೆ. ತಂತಿಯ ಬ್ರಷ್ ಗೀರಿದ ಗೆರೆಗಳಲ್ಲೇ ಹೊಸ ಕಲ್ಲು ಹುಟ್ಟುತ್ತದೆ.

ಮನೆಯಲ್ಲಿ
ನಿಮ್ಮ ಕ್ಯಾನಿಗೂ ಇದೇ ಪಾಠ: ಮೊದಲು ತಣ್ಣೀರು, ಆಮೇಲೆ ಬಿಸಿ ಸೋಡಾ ನೀರು, ಕೊನೆಗೆ ಬೋರಲು ಹಾಕಿ ಬಿಸಿಲಿಗೆ. ಅಲ್ಯೂಮಿನಿಯಂ ಕ್ಯಾನಿಗೆ ಕಾಸ್ಟಿಕ್ ಸೋಡಾ ಮುಟ್ಟಿಸಬೇಡಿ, ಲೋಹ ಸವೆಯುತ್ತದೆ. ಮುಚ್ಚಳ ತೆಗೆದು ಮೂಸಿ ನೋಡಿ. ಹುಳಿ ವಾಸನೆ ಇದ್ದರೆ ಕ್ಯಾನು ಇನ್ನೂ ತೊಳೆದಿಲ್ಲವೆಂದೇ ಅರ್ಥ.

ಮುಂದಿನ ಸಭೆಯಲ್ಲಿ ಕಾರ್ಯದರ್ಶಿಯವರನ್ನು ಕೇಳಿ: "ಟ್ಯಾಂಕಿಗೆ ಕೊನೆಯ ಸಲ ಆಮ್ಲ ಹಾಕಿದ್ದು ಯಾವಾಗ?" ಆ ತಾರೀಖನ್ನು ಗೋಡೆಯ ಮೇಲೆ ಬರೆದಿಡಲು ಹೇಳಿ. ಟ್ಯಾಂಕಿನಲ್ಲಿರುವುದು ನಿಮ್ಮ ಹಾಲು, ಕೇಳುವ ಹಕ್ಕೂ ನಿಮ್ಮದೇ.