ಊರಿನ ಮೈದಾನಕ್ಕೂ ಮಕ್ಕಳನ್ನು ಕರೆದೊಯ್ಯಿರಿ

ತಿಕೋಟಾದ ಹುಡುಗನಿಗೆ ಬಾರ್ಸಿಲೋನಾ ತಂಡದ ಹನ್ನೊಂದು ಮಂದಿಯ ಹೆಸರೂ ಬಾಯಿಪಾಠವಿದ್ದರೆ ಸಂತೋಷವೇ. ಆದರೆ ಪಾಲಕರೇ, ಆ ಕ್ಲಬ್ಬೂ 1899ರಲ್ಲಿ ಪತ್ರಿಕೆಯ ಒಂದು ಪುಟ್ಟ ಪ್ರಕಟಣೆ ನೋಡಿ ಕೂಡಿದ ಕೆಲವರಿಂದ ಶುರುವಾಯಿತೆಂದು ಅವನಿಗೆ ಹೇಳಿ. ಮೊದಲು ಅದನ್ನು ಬೆಳೆಸಿದ್ದು ಆ ಊರಿನವರ ಚಪ್ಪಾಳೆ.

ನಮ್ಮಲ್ಲಿ ಚಪ್ಪಾಳೆಗೆ ಅರ್ಹರು ಕಡಿಮೆಯೇ? ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ಮಹಿಳಾ ವಿಶ್ವಕಪ್ ಕ್ರಿಕೆಟ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ ಕೊಟ್ಟು 5 ವಿಕೆಟ್ ಕಿತ್ತರು. ಎದುರಾಳಿ 79ಕ್ಕೆ ಆಲೌಟ್, ಭಾರತ ಸೆಮಿಫೈನಲ್‌ಗೆ! ನಮ್ಮ ಜಿಲ್ಲೆಯ ಸೈಕ್ಲಿಸ್ಟ್‌ಗಳಂತೂ ನಸುಕಿನಲ್ಲೇ ರಸ್ತೆಗಿಳಿದು ಬೆವರು ಹರಿಸುವವರು. ಅವರ ಹೆಸರು ಎಷ್ಟು ಮಕ್ಕಳಿಗೆ ಗೊತ್ತು?

ಬಬಲೇಶ್ವರದಲ್ಲಿ ಸಂಜೆ ಹುಡುಗರು ಫುಟ್‌ಬಾಲ್ ಆಡುವುದು ಕಂಡರೆ ಮಗುವಿನ ಕೈ ಹಿಡಿದು ಗೆರೆಯ ಪಕ್ಕ ನಿಲ್ಲಿ. ನಮ್ಮವರು ಸೋಲುತ್ತಿದ್ದರೂ ಜೋರಾಗಿ ಹುರಿದುಂಬಿಸಲು ಕಲಿಸಿ. ಟಿವಿಯೊಳಗಿನ ಆಟಗಾರನಿಗೆ ಮಗುವಿನ ಕೂಗು ಕೇಳಿಸದು. ಇಲ್ಲಿ ಗೋಲ್‌ಕೀಪರ್ ತಿರುಗಿ ನೋಡಿ ನಗುತ್ತಾನೆ, ಆಟ ಮುಗಿದ ಮೇಲೆ ಚೆಂಡು ಒದೆಯಲೂ ಕೊಟ್ಟಾನು. ಮೆಸ್ಸಿಯ ಜೆರ್ಸಿ ತೊಟ್ಟೇ ಬರಲಿ, ಅಡ್ಡಿಯಿಲ್ಲ. ಹೊರಡುವ ಮುನ್ನ ಮುಂದಿನ ಪಂದ್ಯ ಯಾವಾಗ ಎಂದು ಆ ಹುಡುಗರನ್ನೇ ಕೇಳಿಕೊಳ್ಳಿ.