ಬಾಲದ ಗಾಲಿಯ ವಿಮಾನಗಳು

ವಿಮಾನ ನಡೆಸುವುದೆಂದರೆ ಕೈಗಳ ಕೆಲಸವೆಂದು ನಮ್ಮಲ್ಲಿ ಅನೇಕರ ತಿಳಿವಳಿಕೆ. ನನ್ನದೂ ಹಾಗೆಯೇ ಇತ್ತು. ಅದು ಬಹುಮಟ್ಟಿಗೆ ಕಾಲುಗಳ ಕೆಲಸವೆಂಬುದನ್ನು ನನಗೆ ತಿಳಿಸಿಕೊಟ್ಟವರು ಹುಕ್ಕೇರಿಯಲ್ಲಿರುವ, ನಮಗೆ ದೂರದ ಸಂಬಂಧಿಗಳಾದ ಕಾಕಾ ಒಬ್ಬರು. ವಾಯುಪಡೆಯಲ್ಲಿ ಎಚ್.ಟಿ.-೨ ವಿಮಾನಗಳ ಎಂಜಿನುಗಳನ್ನು ಬಿಚ್ಚಿ ಜೋಡಿಸಿದವರು; ದುರಸ್ತಿಯ ನಂತರದ ಹಾರಾಟಗಳಲ್ಲಿ ಹಿಂದಿನ ಆಸನದಲ್ಲಿ ಕುಳಿತು ಹೋದವರು. ಬೆಂಗಳೂರಿನ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ ಆ ವಿಮಾನವನ್ನು ಕಂಡು ಬಂದು ನಾನು, "ಬಾಲ ನೆಲಕ್ಕ ಹಚ್ಚಿ ಕುಂತೈತಿ ಕಾಕಾ, ಮುಂದಿನ ಗಾಲಿ ಕಳಚಿ ಹೋಗೈತೇನೋ" ಎಂದೆ. ಆ ಮಾತು ಅವರ ಮನಸ್ಸಿಗೆ ನೋವುಂಟುಮಾಡಿತೆಂದು ಆಮೇಲೆ ತಿಳಿಯಿತು. ಈ ಲೇಖನ ಒಂದು ಬಗೆಯಲ್ಲಿ ಆ ತಪ್ಪಿಗೆ ತೆತ್ತ ದಂಡ.

ಇಂದಿನ ವಿಮಾನಗಳಿಗೆ ಮೂಗಿನ ಕೆಳಗೊಂದು ಗಾಲಿ ಇರುತ್ತದೆ. ಹಿಂದಿನವುಗಳಿಗೆ ಅದು ಬಾಲದ ಕೆಳಗಿರುತ್ತಿತ್ತು. ೧೯೩೨ರ ಅಕ್ಟೋಬರ್ ೧೫ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಟಪಾಲು ತಂದ ಪಸ್ ಮಾತ್ ಬಾಲವೂರಿ ನಿಲ್ಲುವ ಜಾತಿಯದೇ. ಆ ಟಪಾಲನ್ನು ಮುಂದೆ ನೆವಿಲ್ ವಿನ್ಸೆಂಟ್ ಅವರು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಆಗ ಇಳಿಯುವ ನೆಲವೆಂದರೆ ಬಹುಪಾಲು ಹುಲ್ಲುಗಾವಲು ಅಥವಾ ಮಣ್ಣಿನ ಬಯಲು. ಮೂಗು ಮೇಲಿದ್ದರೆ ತಿರುಗುವ ಪಂಖ ಕಲ್ಲುಮಣ್ಣಿಗೆ ತಾಗದು. ಬಾಲದ ಗಾಲಿ ಚಿಕ್ಕದು, ಹಗುರ, ಹೊಂಡದಲ್ಲಿ ಬಿದ್ದರೂ ಮುರಿಯುವ ಭಯ ಕಡಿಮೆ.

ಆದರೆ ಇದರಲ್ಲೊಂದು ತೊಡಕಿದೆ. ಅದನ್ನು ತಿಳಿಯಲು ನಾನು ಮೂಡಲಗಿಯ ನಮ್ಮ ಹೊಲದ ಚಕ್ಕಡಿಯನ್ನೇ ನೆನೆಯಬೇಕಾಯಿತು. ಚಕ್ಕಡಿಯನ್ನು ಎತ್ತುಗಳು ಮುಂದಿನಿಂದ ಎಳೆಯುತ್ತಿರುವಾಗ ಅದು ತಾನಾಗಿ ನೇರ ಬರುತ್ತದೆ. ಎತ್ತು ಬಿಚ್ಚಿ, ಮೂಕಿ ಹಿಡಿದು, ಹಿಮ್ಮುಖವಾಗಿ ಅದನ್ನು ಕೊಟ್ಟಿಗೆಗೆ ನೂಕಿ ನೋಡಿರಿ! ಕೂದಲೆಳೆಯಷ್ಟು ಓರೆಯಾದರೂ ಸಾಕು, ಆ ಓರೆ ಹೆಚ್ಚುತ್ತ ಹೋಗಿ ಗೋಡೆಗೆ ಗುದ್ದುತ್ತದೆ. ಕಬ್ಬಿನ ಟ್ರೇಲರನ್ನು ಹಿಂದಕ್ಕೆ ತಳ್ಳುವ ಟ್ರ್ಯಾಕ್ಟರ್ ಚಾಲಕನ ಪಾಡೂ ಇದೇ. ಬಾಲದ ಗಾಲಿಯ ವಿಮಾನದಲ್ಲಿ ಗುರುತ್ವಕೇಂದ್ರವು ಎರಡು ದೊಡ್ಡ ಗಾಲಿಗಳ ಹಿಂದಿರುತ್ತದೆ. ನೆಲದ ಮೇಲೆ ಓಡುವಾಗ ಮೂಗು ಸ್ವಲ್ಪ ಹೊರಳಿದರೆ, ಹಿಂದಿನ ಭಾರವು ಗಾಲಿಗಳನ್ನು ದಾಟಿ ಮುಂದೆ ಬರಲು ಹವಣಿಸುತ್ತದೆ. ತಡೆಯದಿದ್ದರೆ ವಿಮಾನ ತನ್ನ ಸುತ್ತ ತಾನೇ ಗಿರ್ರನೆ ತಿರುಗಿ ರೆಕ್ಕೆಯ ತುದಿ ನೆಲಕ್ಕೆ ಬಡಿಯುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಎಂದು ಹೆಸರು. ತಡೆಯುವುದು ಬಾಲದ ಚುಕ್ಕಾಣಿಯಿಂದ. ಆ ಚುಕ್ಕಾಣಿ ಇರುವುದು ವೈಮಾನಿಕನ ಪಾದಗಳ ಕೆಳಗೆ. ಹೊರಳುವಿಕೆ ಕಣ್ಣಿಗೆ ಕಾಣುವ ಮೊದಲೇ ಕಾಲಿಗೆ ತಿಳಿದಿರಬೇಕು.

"ತಮ್ಮಾ, ಗಾಲಿ ನೆಲಕ್ಕ ತಾಗಿದ್ರ ಇಳದಂಗಲ್ಲ. ಎಂಜಿನ್ ಬಂದ್ ಮಾಡಿ ಗೂಟಕ್ಕ ಕಟ್ಟೂತನಕ ಹಾರಾಟ ಮುಗದಿಲ್ಲಂತ ತಿಳಕೋ" ಎಂದರು ಕಾಕಾ.

ಎಚ್.ಟಿ.-೨ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನಲ್ಲೇ ರೂಪಿತವಾಗಿ ೧೯೫೧ರ ಆಗಸ್ಟ್ ೫ರಂದು ಮೊದಲು ಹಾರಿತು. ಗುರು ಶಿಷ್ಯರು ಒಬ್ಬರ ಹಿಂದೊಬ್ಬರು ಕೂಡುವ, ಸುಮಾರು ೧೫೫ ಅಶ್ವಶಕ್ತಿಯ ಯಂತ್ರ. ನಮ್ಮ ವಾಯುಪಡೆಯ ಎಷ್ಟೋ ವೈಮಾನಿಕರು ಮೊದಲು ಕಾಲಾಡಿಸಲು ಕಲಿತದ್ದು ಇದರಲ್ಲಿ. ೧೯೫೮ರ ಸೆಪ್ಟೆಂಬರ್ ೨೮ರಂದು ಹಾರಿದ ಪುಷ್ಪಕ ಇನ್ನೂ ಹಗುರ: ಬಟ್ಟೆ ಹೊದಿಸಿದ ಮೈ, ತಲೆಯ ಮೇಲೆ ರೆಕ್ಕೆ, ಪಕ್ಕಪಕ್ಕದ ಎರಡೇ ಆಸನ, ೯೦ ಅಶ್ವಶಕ್ತಿ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಂದೇ ಇದನ್ನು ಮಾಡಿದರು. (ರಾವಣನ ಪುಷ್ಪಕಕ್ಕೆ ಗಾಲಿ ಎಲ್ಲಿತ್ತೆಂಬುದನ್ನು ಪಂಡಿತರು ಹೇಳಬೇಕು!)

ಇನ್ನು ಸುಖದ ಮಾತು. ಇಂಥ ವಿಮಾನವನ್ನು ಇಳಿಸುವ ಉತ್ತಮ ಕ್ರಮವೆಂದರೆ ಮೂರು ಗಾಲಿಗಳೂ ಒಮ್ಮೆಗೇ ನೆಲ ಮುಟ್ಟುವುದು. ವೇಗ ತಗ್ಗಿಸಿ, ನೆಲದಿಂದ ಗೇಣು ಮೊಳಗಳ ಎತ್ತರದಲ್ಲಿ ಸಮವಾಗಿ ತೇಲಿಸಿ, ಕೋಲನ್ನು ಮೆಲ್ಲಮೆಲ್ಲನೆ ಹಿಂದಕ್ಕೆ ಎಳೆಯುತ್ತ ಹೋಗಬೇಕು. ಇಳಿಯಗೊಡಬಾರದೆಂದು ಹಟ ಹಿಡಿದಂತೆ ಹಿಡಿದಿರಬೇಕು. ರೆಕ್ಕೆಯ ಬಲ ತೀರಿದಾಗ ಅದು ತಾನೇ ಕುಳಿತುಕೊಳ್ಳುತ್ತದೆ. ಆತುರಪಟ್ಟು ವೇಗದಲ್ಲೇ ದೊಡ್ಡ ಗಾಲಿಗಳನ್ನು ನೆಲಕ್ಕೆ ಬಡಿದರೆ ಬಾಲ ಕೆಳಗೆ ಬಿದ್ದು, ಮೂಗು ಮೇಲೆದ್ದು, ರೆಕ್ಕೆಗೆ ಮತ್ತೆ ಬಲ ಬಂದು ವಿಮಾನ ಕಪ್ಪೆಯಂತೆ ನೆಗೆಯುತ್ತದೆ. ಅಡ್ಡಗಾಳಿ ಇದ್ದರಂತೂ ಕೇಳುವುದೇ ಬೇಡ. ಕಣದಲ್ಲಿ ರಾಶಿ ತೂರುವ ಒಕ್ಕಲಿಗ ಗಾಳಿಯ ಮುಖ ನೋಡುವಂತೆ ವೈಮಾನಿಕನೂ ನೋಡುತ್ತಿರಬೇಕು. ನೆಲದ ಮೇಲೆ ಮೂಗು ಎದುರಿನ ದಾರಿಯನ್ನು ಮರೆಮಾಡುವುದರಿಂದ ಹಾವಿನಂತೆ ಅತ್ತಿತ್ತ ಹೊರಳಿಸುತ್ತ ಸಾಗಬೇಕು. ಇಷ್ಟೆಲ್ಲ ಕಷ್ಟವಿದ್ದೂ ಸರಿಯಾಗಿ ಇಳಿದ ದಿನ ಗಾಲಿ ಹುಲ್ಲಿಗೆ ತಾಗಿದ ಸದ್ದೇ ಕೇಳುತ್ತಿರಲಿಲ್ಲವಂತೆ, ಹುಲ್ಲು ಸವರಿದಂತಾಗುತ್ತಿತ್ತಂತೆ. ಹಾಗೆ ಇಳಿದಾಗ ಮುಂದೆ ಕುಳಿತ ಅಧಿಕಾರಿ ಹಿಂತಿರುಗಿ ನೋಡುತ್ತಿದ್ದರೆಂದೂ ಅದನ್ನು ಕಂಡವರು ತಾವೊಬ್ಬರೇ ಎಂದೂ ಕಾಕಾ ಹೇಳುವಾಗ ಅವರ ಮುಖ ನೋಡಬೇಕು.

ಮೂಗಿನ ಗಾಲಿ ಬಂದುದು ಒಳ್ಳೆಯದೇ. ಅದರಿಂದ ಅಪಘಾತ ತಗ್ಗಿತು, ಕಲಿಕೆ ಸುಲಭವಾಯಿತು. ಕಾಕಾ ಇದನ್ನು ಒಪ್ಪುತ್ತಾರೆ, ಆದರೆ ಅರೆಮನಸ್ಸಿನಿಂದ. ನನಗೂ ಈಗ ಹಾಗೆಯೇ ಅನಿಸುತ್ತಿದೆ.

ಅವರಿಗೆ ಎಂಬತ್ತು ದಾಟಿದೆ. ಬೆಂಗಳೂರಿಗೆ ಕರೆದೊಯ್ದು ಆ ಎಚ್.ಟಿ.-೨ರ ಮುಂದೆ ಒಮ್ಮೆ ನಿಲ್ಲಿಸಬೇಕೆಂದು ನನ್ನ ಆಸೆ. ಮನೆಯವರು ದೂರದ ಪ್ರಯಾಣ ಬೇಡವೆನ್ನುತ್ತಿದ್ದಾರೆ. ಪರೀಕ್ಷೆ ಮುಗಿದ ಮೇಲೆ ಹುಕ್ಕೇರಿಗೆ ಹೋಗಿ ಇನ್ನೊಮ್ಮೆ ಕೇಳಿ ನೋಡುವವನಿದ್ದೇನೆ.