‘ದಂಡವೇ ಅಗ್ಗ’ ಎಂದ ಸೋದರಳಿಯನಿಗೆ



 ಮೊನ್ನೆ ನಿಮ್ಮಪ್ಪ ಫೋನಿನಲ್ಲಿ ಹೇಳಿದ್ದನ್ನು ಕೇಳಿದ ಮೇಲೆ ನನಗೆ ಸಮಾಧಾನವಿಲ್ಲ. ಕಾರಿನ ಇನ್ಶೂರೆನ್ಸ್ ಈ ಸಲ ವಿಪರೀತ ಏರಿದೆಯಂತೆ, ನೀನು ಕಟ್ಟುವುದೇ ಇಲ್ಲವಂತೆ. ‘ಹಿಡಿದರೆ ಎರಡು ಸಾವಿರ ದಂಡ ತಾನೆ, ಪ್ರೀಮಿಯಂಗಿಂತ ದಂಡವೇ ಅಗ್ಗ’ ಅಂದೆಯಂತೆ. ಈ ಲೆಕ್ಕ ನೀನೊಬ್ಬನೇ ಹಾಕುತ್ತಿರುವುದಲ್ಲ. ನಮ್ಮ ದೇಶದ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ವಿಮೆಯೇ ಇಲ್ಲ. ಅದಕ್ಕೇ ನಿನಗೆ ಬರೆಯಬೇಕಾದ ಕಾಗದವನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಬೇಸರ ಮಾಡಿಕೊಳ್ಳಬೇಡ.

ದುಡ್ಡಿನ ಲೆಕ್ಕಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ಟೇಬಲ್ಲಿನ ಮೇಲಿದ್ದ ಫೈಲುಗಳ ಮಾತು.

ನಾನು ದಾವಣಗೆರೆಯಲ್ಲಿ ಇನ್ಶೂರೆನ್ಸ್ ಕಂಪನಿಯ ಕೆಲಸಕ್ಕೆ ಸೇರಿದ ಕಾಲಕ್ಕೆ ಜನರಲ್ ಇನ್ಶೂರೆನ್ಸ್ ಎಂದರೆ ನಾಲ್ಕು ಸರ್ಕಾರಿ ಕಂಪನಿಗಳು, ಅಷ್ಟೇ. 1973ರಲ್ಲಿ ರಾಷ್ಟ್ರೀಕರಣವಾದಾಗ ನೂರಕ್ಕೂ ಹೆಚ್ಚು ಖಾಸಗಿ ಕಂಪನಿಗಳನ್ನು ಕೂಡಿಸಿ ಮಾಡಿದ ನಾಲ್ಕು. ನೀನು ಚಿಕ್ಕವನಿದ್ದಾಗ ಶನಿವಾರ ನನ್ನ ಆಫೀಸಿಗೆ ಬಂದು ಹಳೆಯ ಕಾಗದಗಳ ಮೇಲೆ ಸೀಲು ಒತ್ತುತ್ತಾ ಕೂರುತ್ತಿದ್ದೆ. ನಿನಗೆ ಕಂಡದ್ದು ಸೀಲು ಮಾತ್ರ. ಪಕ್ಕದಲ್ಲಿ ಕೆಂಪು ಲಾಡಿ ಕಟ್ಟಿದ ಕಂದು ಫೈಲುಗಳ ಸಾಲೊಂದಿತ್ತಲ್ಲ, ಅವೆಲ್ಲ ಎಂವಿಸಿ ಕೇಸುಗಳು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ನಡೆಯುವ ದಾವೆಗಳು. ಒಂದೊಂದು ಫೈಲಿನಲ್ಲಿ ಒಂದು ಹೆಣ, ಇಲ್ಲವೇ ಒಂದು ಮುರಿದ ಕಾಲು. ಎಫ್‌ಐಆರ್, ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ಅದರ ಹಿಂದೆ ಮದುವೆಯಲ್ಲಿ ತೆಗೆಸಿದ ಫೋಟೋದಿಂದ ಕತ್ತರಿಸಿದ ಒಂದು ಮುಖ. ಬಡವರ ಮನೆಗಳಲ್ಲಿ ಬೇರೆ ಫೋಟೋ ಇರುತ್ತಿರಲಿಲ್ಲ.

ನಮ್ಮ ವಕೀಲರ ಜೊತೆ ಫೈಲು ಹಿಡಿದು ಕೋರ್ಟಿಗೆ ಹೋಗುವುದು ನನ್ನ ಕೆಲಸವಾಗಿತ್ತು. ತೊಂಬತ್ತರ ದಶಕದ ಮೊದಲಲ್ಲಿ ಬಂದ ಒಂದು ಕೇಸನ್ನು ನಾನು ಸಾಯುವವರೆಗೂ ಮರೆಯಲಾರೆ. ಜಗಳೂರು ಕಡೆಯ ಹಳ್ಳಿಯ ಹೆಂಗಸು. ಬಸ್ಸಿಗೆ ಕಾಯುತ್ತಾ ರಸ್ತೆಬದಿ ನಿಂತವಳ ಮೇಲೆ ಕಾರು ಹರಿದಿತ್ತು. ಗಂಡ ಸಾಕ್ಷಿಕಟ್ಟೆ ಹತ್ತಿದ. ಪಾಟೀಸವಾಲಿನಲ್ಲಿ ವಕೀಲರು ಕೇಳಿದರು, ‘ನಿನ್ನ ಹೆಂಡತಿ ಏನು ಕೆಲಸ ಮಾಡುತ್ತಿದ್ದಳು?’ ‘ಏನಿಲ್ಲ ಸ್ವಾಮಿ, ಮನೇಲೇ ಇದ್ಲು.’ ಅಷ್ಟೇ ಬೇಕಾಗಿತ್ತು. ಆದಾಯವಿಲ್ಲ ಎಂದು ದಾಖಲಾಯಿತು. ಆಮೇಲೆ ಆತ ಕೆಳಗಿಳಿದು ಬಂದು ವರಾಂಡದಲ್ಲಿ ಕೂತು, ಯಾರೂ ಕೇಳದಿದ್ದರೂ, ತಾನೇ ಹೇಳತೊಡಗಿದ. ಎರಡು ಎಮ್ಮೆ ಕರೆದು ಹಾಲು ಹಾಕುತ್ತಿದ್ದವಳು ಅವಳು, ಕಳೆ ಕೀಳಲು ಹೋಗುತ್ತಿದ್ದವಳು ಅವಳು, ಹಾಸಿಗೆ ಹಿಡಿದ ಅತ್ತೆಯ ಮೈ ಒರೆಸುತ್ತಿದ್ದವಳು ಅವಳು. ಎಮ್ಮೆಗಳನ್ನು ಮಾರಿಯಾಗಿತ್ತು. ಹಿರಿಯ ಮಗಳನ್ನು ಶಾಲೆ ಬಿಡಿಸಿಯಾಗಿತ್ತು. ಆ ‘ಏನಿಲ್ಲ’ ಎಂಬ ಉತ್ತರಕ್ಕೆ ಸಿಕ್ಕ ಪರಿಹಾರ ಎಷ್ಟು ಕಡಿಮೆಯಾಗಿತ್ತೆಂದರೆ, ಅದನ್ನು ಇಲ್ಲಿ ಬರೆಯಲು ನನ್ನ ಕೈ ಬರುವುದಿಲ್ಲ.

ಪ್ರೀಮಿಯಂ ಯಾಕೆ ಏರಿತು ಎಂದು ಕೇಳುತ್ತೀಯಲ್ಲ, ಉತ್ತರದ ಒಂದು ಪಾಲು ಆ ವರಾಂಡದಲ್ಲಿದೆ. ತಪ್ಪು ಯಾರದೆಂದು ನೋಡದೆ ಸತ್ತವರ ಮನೆಗೆ ಕೊಡಬೇಕೆಂದು ಕಾನೂನು ಗೊತ್ತುಮಾಡಿದ ಹಣ 1982ರ ತಿದ್ದುಪಡಿಯಲ್ಲಿ 15,000 ರೂಪಾಯಿ ಇತ್ತು. 1988ರ ಕಾಯ್ದೆಯಲ್ಲಿ 25,000 ಆಯಿತು, 1994ರಲ್ಲಿ 50,000. 2022ರ ಏಪ್ರಿಲ್ 1ರಿಂದ 5 ಲಕ್ಷ. ದುಡಿಯದ ಸಂಗಾತಿಗೆ ದುಡಿಯುವವರ ಆದಾಯದ ಮೂರನೆಯ ಒಂದು ಪಾಲು ಎಂದು 1994ರ ತಿದ್ದುಪಡಿ ಬೆಲೆ ಕಟ್ಟಿತ್ತು. 2001ರಲ್ಲಿ ಜಮ್‌ಶೆಡ್‌ಪುರದ ಬೆಂಕಿ ಅನಾಹುತದ ಲತಾ ವಾಧ್ವಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗೃಹಿಣಿಯ ದುಡಿಮೆಗೆ ತಿಂಗಳಿಗೆ 3,000 ರೂಪಾಯಿ ಬೆಲೆ ಕೊಟ್ಟಿತು. 2010ರಲ್ಲಿ ಅರುಣ್ ಕುಮಾರ್ ಅಗರವಾಲ್, 2021ರಲ್ಲಿ ಕೀರ್ತಿ ಪ್ರಕರಣ; ಮನೆಗೆಲಸವೂ ದುಡಿಮೆಯೇ ಎಂದು ಕೋರ್ಟು ಮತ್ತೆ ಮತ್ತೆ ಹೇಳಿತು. 2017ರ ಪ್ರಣಯ್ ಸೇಠಿ ತೀರ್ಪಿನ ಮೇಲೆ, ನಲವತ್ತರ ಒಳಗಿನ ಮೇಸ್ತ್ರಿಯೋ ಅಂಗಡಿಯವನೋ ಸತ್ತರೆ ಅವನ ಮುಂದಿನ ದುಡಿಮೆಯೆಂದು ಆದಾಯಕ್ಕೆ ನೂರಕ್ಕೆ ನಲವತ್ತು ಸೇರಿಸಿ ಲೆಕ್ಕ ಹಾಕುತ್ತಾರೆ. ಈ ಹಣವೆಲ್ಲ ಎಲ್ಲಿಂದ ಬರಬೇಕು? ನೀನು, ನಾನು ಕಟ್ಟುವ ಥರ್ಡ್ ಪಾರ್ಟಿ, ಅಂದರೆ ನಮ್ಮ ವಾಹನದಿಂದ ಬೇರೆಯವರಿಗಾದ ನಷ್ಟ ತುಂಬುವ ವಿಮೆಯ, ಪ್ರೀಮಿಯಮ್ಮಿನಿಂದ. ಇಷ್ಟು ಏರಿಕೆ ಆಗಲೇಬೇಕಾಗಿತ್ತು. ಇನ್ನೂ ಮೊದಲೇ ಆಗಬೇಕಾಗಿತ್ತು.

ಅಷ್ಟಕ್ಕೂ ಅದು ಏರಿದ್ದಾದರೂ ಎಷ್ಟು? ನಿನ್ನ ಕಾರು ಸಾವಿರದಿಂದ ಸಾವಿರದೈನೂರು ಸಿಸಿ ಒಳಗಿನದು. ಅದಕ್ಕೆ 2018ರಲ್ಲಿ 2,863 ಇತ್ತು, 2019ರಲ್ಲಿ 3,221 ಆಯಿತು, 2022ರ ಜೂನ್ 1ರಿಂದ 3,416. ಈ ದರವನ್ನು ಕಂಪನಿ ಇಡುವುದಿಲ್ಲ, ಸರ್ಕಾರ ಗೊತ್ತುಪಡಿಸುತ್ತದೆ. ಯಾವ ಕಂಪನಿಗೆ ಹೋದರೂ ಒಂದೇ. ಇಷ್ಟು ಕೊಟ್ಟರೆ, ನಿನ್ನ ಕಾರಿನಿಂದ ಒಬ್ಬರ ಜೀವ ಹೋಗಿ ಕೋಟಿ ರೂಪಾಯಿ ತೀರ್ಪು ಬಂದರೂ ಕಂಪನಿಯೇ ಕಟ್ಟಬೇಕು, ಮಿತಿ ಎಂಬುದಿಲ್ಲ.

ಕಟ್ಟದಿದ್ದರೆ ಏನಾಗುತ್ತದೆ ಎಂಬುದನ್ನೂ ಕೇಳು. ನಮ್ಮ ಊರಲ್ಲೇ ಕಿರಾಣಿ ವ್ಯಾಪಾರಿಯೊಬ್ಬರಿದ್ದರು. ಸಭ್ಯ ಮನುಷ್ಯ, ಯಾರಿಗೂ ಬಾಕಿ ಇಟ್ಟವರಲ್ಲ. ಅವರ ಪಾಲಿಸಿ ಮುಗಿದು ಕೆಲವೇ ದಿನ ಆಗಿತ್ತು. ಸಂಜೆ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದ ಗಾರೆ ಮೇಸ್ತ್ರಿಗೆ ಅವರ ಕಾರು ಬಡಿಯಿತು. ಮಾರನೆಯ ದಿನ ಬಾಗಿಲು ತೆಗೆಯುವ ಹೊತ್ತಿಗೇ ಅವರು ನಮ್ಮ ಕೌಂಟರಿನಲ್ಲಿ ದುಡ್ಡು ಹಿಡಿದು ನಿಂತಿದ್ದರು. ಆಗೆಲ್ಲ ಕಾರ್ಬನ್ ಹಾಳೆ ಇಟ್ಟು ಕವರ್ ನೋಟ್ ಎಂಬ ತಾತ್ಕಾಲಿಕ ವಿಮಾ ಪತ್ರವನ್ನು ಕೈಯಲ್ಲೇ ಬರೆಯುತ್ತಿದ್ದೆವು. ತಾರೀಖಿನ ಜೊತೆ ಗಂಟೆಯನ್ನೂ ಬರೆಯಬೇಕು. ಕವರ್ ನೋಟಿನಲ್ಲಿ ‘ಬೆಳಿಗ್ಗೆ 10-40’, ಎಫ್‌ಐಆರ್‌ನಲ್ಲಿ ‘ಹಿಂದಿನ ದಿನ ಸಂಜೆ 6-15’. ಕೇಸು ಅಲ್ಲಿಗೇ ಮುಗಿದಿತ್ತು. ತೀರ್ಪಿನ ಹಣವೆಲ್ಲ ಆ ವ್ಯಾಪಾರಿಯ ತಲೆಗೆ ಬಂತು. ಅವರಿಂದ ಕಟ್ಟಲಾಗದಿದ್ದಾಗ ಜಿಲ್ಲಾಧಿಕಾರಿ ಕಚೇರಿಗೆ ಕಾಗದ ಹೋಗಿ, ಭೂಕಂದಾಯದ ಬಾಕಿಯಂತೆ ವಸೂಲಿಗೆ ಮನೆಯ ಗೋಡೆಗೆ ನೋಟೀಸು ಅಂಟಿಸಿದರು. ಮನೆ ಹೋಯಿತು. ಮೇಸ್ತ್ರಿಯ ಹೆಂಡತಿಗಾದರೂ ಸುಖವಾಯಿತೇ? ಅವಳ ಕೈಗೆ ಹಣ ಬಂದದ್ದು ಕಂತುಕಂತಾಗಿ, ಮಗ ಗಾರೆ ಕೆಲಸಕ್ಕೆ ಸೇರಿದ ಮೇಲೆ. ಎರಡು ಮನೆ ಹಾಳಾದವು.

ಎರಡು ಸಾವಿರ ದಂಡ ಅನ್ನುತ್ತೀಯಲ್ಲೋ! ದಂಡ ಕಟ್ಟುವುದು ಪೊಲೀಸರಿಗೆ. ಸತ್ತವನ ಹೆಂಡತಿಗೆ ಏನು ಕೊಡುತ್ತೀಯ? ಓದಿದವನು, ಕೈತುಂಬ ಸಂಬಳ ತರುವವನು, ಮಗುವಿನ ಹುಟ್ಟುಹಬ್ಬಕ್ಕೆ ಹೋಟೆಲಿನಲ್ಲಿ ಖರ್ಚು ಮಾಡುವವನು ನೀನು. ತಿಂಗಳಿಗೊಮ್ಮೆ ಹಿರಿಯೂರು, ಚಿತ್ರದುರ್ಗದ ಮೇಲೆ ಊರಿಗೆ ಬರುವಾಗ ಸರ್ವಿಸ್ ರಸ್ತೆಯಿಂದ ಎಷ್ಟು ಬೈಕುಗಳು, ಎಷ್ಟು ಕುರಿ ಹಿಂಡು ಹೆದ್ದಾರಿಗೆ ಅಡ್ಡ ಬರುತ್ತವೆ ಎಂದು ನೀನೇ ನನ್ನ ಹತ್ತಿರ ಗೊಣಗುತ್ತೀಯ. ಆ ಹಿಂಡಿನ ಹಿಂದೆ ಒಬ್ಬ ಹುಡುಗ ಇರುತ್ತಾನೆ. ಈ ಮಾತನ್ನು ಇನ್ನೊಮ್ಮೆ ನಿನ್ನ ಬಾಯಲ್ಲಿ ಕೇಳಬಾರದು.

ಬೈದೆ. ಸಿಟ್ಟು ಇಳಿಯಿತು. ಈಗ ಕೂತು ಲೆಕ್ಕ ಮಾಡೋಣ, ಯಾಕೆಂದರೆ ನಿನ್ನ ದೂರಿನಲ್ಲಿ ನ್ಯಾಯವಿಲ್ಲವೆಂದು ನಾನು ಹೇಳುವುದಿಲ್ಲ. ಕಾನೂನೇ ಕಡ್ಡಾಯ ಮಾಡಿದ ಥರ್ಡ್ ಪಾರ್ಟಿ ಮೇಲೂ ನೂರಕ್ಕೆ 18 ಜಿಎಸ್‌ಟಿ ಇದೆ. 2025ರ ಸೆಪ್ಟೆಂಬರಿನಲ್ಲಿ ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆಗೆ ತೆರಿಗೆ ತೆಗೆದರು, ಮೋಟಾರು ವಿಮೆಗೆ ತೆಗೆಯಲಿಲ್ಲ. ಇದು ಸರಿಯಲ್ಲ. ಕಟ್ಟುವವರಿಗೇ ಭಾರ ಹೆಚ್ಚಿಸಿದರೆ ಕಟ್ಟದವರು ಇನ್ನಷ್ಟು ದೂರ ಓಡುತ್ತಾರೆ.

ನಿನ್ನ ಬಿಲ್ಲು ಒಮ್ಮೆಲೇ ಜಿಗಿದದ್ದಕ್ಕೆ ಬೇರೆಯೇ ಕಾರಣಗಳಿವೆ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿಯನ್ನು ಮೊದಲೇ ಕಟ್ಟಿಸಿಕೊಳ್ಳುತ್ತಾರೆ. ನಿನ್ನದು ಆನ್‌ರೋಡ್ ಬೆಲೆಯಲ್ಲೇ ಸೇರಿ, ಸಾಲದ ಕಂತಿನಲ್ಲಿ ಕರಗಿಹೋಗಿತ್ತು. ಇಷ್ಟು ವರ್ಷ ನೀನು ಕಟ್ಟಿದ್ದು ಓನ್ ಡ್ಯಾಮೇಜ್, ಅಂದರೆ ನಿನ್ನ ಕಾರಿಗೇ ಆಗುವ ಹಾನಿಯ ಭಾಗ ಮಾತ್ರ. ಆ ಮೂರು ವರ್ಷ ಈಗ ಮುಗಿದಿದೆ. ತೆರಿಗೆ ಸೇರಿ ನಾಲ್ಕು ಸಾವಿರದ ಚಿಲ್ಲರೆ ಹೊಸದಾಗಿ ಕಾಣಿಸಿಕೊಂಡಿದೆ, ಅಷ್ಟೇ.

ಇನ್ನೊಂದು ಕಾರಣ ನೀನೇ. ಕಳೆದ ವರ್ಷ ಪಾರ್ಕಿಂಗಿನಲ್ಲಿ ಕಂಬಕ್ಕೆ ತಾಗಿ ಬಂಪರ್ ಸೀಳಿದ್ದಕ್ಕೆ ಕ್ಲೇಮ್ ಮಾಡಿದೆ. ಏಳು ಸಾವಿರದ ಬಿಲ್ಲು, ಸಾವಿರ ನಿನ್ನದು, ಆರು ಸಾವಿರ ಕಂಪನಿಯದು. ಕ್ಲೇಮ್ ಮಾಡದೆ ಇದ್ದರೆ ಸಿಗುವ ನೋ ಕ್ಲೇಮ್ ಬೋನಸ್ 20, 25, 35, 45, 50 ಎಂದು ವರ್ಷವರ್ಷ ಏರುತ್ತದೆ. ಒಂದು ಕ್ಲೇಮಿಗೆ ಸೊನ್ನೆಗೆ ಬೀಳುತ್ತದೆ. ಓನ್ ಡ್ಯಾಮೇಜ್ ಹನ್ನೆರಡು ಸಾವಿರ ಎಂದೇ ಇಟ್ಟುಕೊ. ಈ ವರ್ಷ ನಿನಗೆ 35 ಸಿಗಬೇಕಿತ್ತು: 7,800 ಕಟ್ಟುವ ಬದಲು 12,000. ಮುಂದಿನ ವರ್ಷ 6,600 ಬದಲು 9,600. ಅದರ ಮುಂದಿನ ವರ್ಷ 6,000 ಬದಲು 9,000. ಕೂಡಿಸು. ಆರು ಸಾವಿರ ಪಡೆಯಲು ಮೂರು ವರ್ಷದಲ್ಲಿ 10,200 ಹೆಚ್ಚು ತೆರುತ್ತೀಯ. ಗೆರೆ, ಗೀರು, ಸಣ್ಣ ತಗ್ಗಿಗೆಲ್ಲ ಕೈಯಿಂದಲೇ ಖರ್ಚು ಮಾಡು. ವಿಮೆ ಇರುವುದು ದೊಡ್ಡ ಏಟಿಗೆ. ಆ ಬೋನಸ್ ಕಾರಿನದಲ್ಲ, ನಿನ್ನದು ಎಂಬುದನ್ನೂ ನೆನಪಿಡು: ಕಾರು ಮಾರಿದರೂ ಹೊಸ ಕಾರಿಗೆ ಬರುತ್ತದೆ, ಆದರೆ ಪಾಲಿಸಿ ಮುಗಿದು 90 ದಿನ ದಾಟಿದರೆ ಹೋಗುತ್ತದೆ.

ಮಿಕ್ಕ ಏರಿಕೆ ಗ್ಯಾರೇಜಿನದು. ನಮ್ಮ ಕಾಲದ ಅಂಬಾಸಿಡರಿನ ಬಂಪರ್ ಕಬ್ಬಿಣದ್ದು, ಟಿಂಕರಿಂಗ್‌ನವನು ಸುತ್ತಿಗೆಯಲ್ಲಿ ಬಡಿದು ನೇರ ಮಾಡುತ್ತಿದ್ದ. ಈಗ ಬಂಪರಿನೊಳಗೆ ಸೆನ್ಸರ್, ಗಾಜಿನ ಹಿಂದೆ ಕ್ಯಾಮೆರಾ, ಒಂದು ಕೊಂಡಿ ಮುರಿದರೆ ಇಡೀ ಎಲ್‌ಇಡಿ ದೀಪವೇ ಹೊಸದು. 2007ರಿಂದ ಓನ್ ಡ್ಯಾಮೇಜ್ ದರವನ್ನು ಕಂಪನಿಗಳೇ ಇಡುತ್ತಿವೆ, ಆದ್ದರಿಂದ ಒಂದೇ ಕಾರಿಗೆ ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಬರುತ್ತದೆ. ಶೋರೂಮಿನವರು ಹೇಳಿದ ಕಂಪನಿಯಲ್ಲೇ ಮಾಡಿಸಬೇಕೆಂದು ಎಲ್ಲೂ ಇಲ್ಲ. ನಾಲ್ಕು ಕಡೆ ವಿಚಾರಿಸು. ಆದರೆ ಅಗ್ಗ ತೋರಿಸಲು ಐಡಿವಿ, ಅಂದರೆ ಕಾರಿನ ಘೋಷಿತ ಬೆಲೆ, ಇಳಿಸಿದ್ದಾರೆಯೇ ನೋಡು. ಕಾರು ಕಳುವಾದರೆ ಕೈಗೆ ಬರುವುದು ಆ ಬೆಲೆಯೇ. ಕೀಲಿ ಕಳೆದರೆ, ಲಗೇಜು ಹೋದರೆ ಎಂಬಂಥ ಆಡ್‌ಆನ್‌ಗಳನ್ನು ತೆಗೆಸು. ಓಡಾಟ ಕಡಿಮೆ ಇದ್ದರೆ ಓಡಿಸಿದಷ್ಟಕ್ಕೇ ಕಟ್ಟುವ ಬಗೆಯನ್ನೂ 2022ರಿಂದ ಕೊಡುತ್ತಿದ್ದಾರೆ, ಕೇಳಿ ನೋಡು. ಮಾಲೀಕ-ಚಾಲಕನಿಗೆ ಇರುವ 15 ಲಕ್ಷದ ಅಪಘಾತ ವಿಮೆ ನಿನಗೆ ಬೇರೆ ಇಲ್ಲದಿದ್ದರೆ ಅದನ್ನು ಮುಟ್ಟಬೇಡ. ಅದು ನಿನ್ನ ಹೆಂಡತಿ ಮಗುವಿನದು.

ಹಾಗಾದರೆ ಬರೀ ಥರ್ಡ್ ಪಾರ್ಟಿ ಸಾಕೇ, ಓನ್ ಡ್ಯಾಮೇಜೂ ಸೇರಿದ ಫುಲ್ ಇನ್ಶೂರೆನ್ಸ್ ಬೇಕೇ? ನಿನ್ನ ಕಾರು, ನಿನ್ನ ದುಡ್ಡು, ತೀರ್ಮಾನವೂ ನಿನ್ನದೇ. ಕಾರು ಹನ್ನೆರಡು ವರ್ಷ ಹಳೆಯದಾಗಿದ್ದರೆ ಥರ್ಡ್ ಪಾರ್ಟಿ ಸಾಕು ಎಂದು ನಾನೇ ಹೇಳುತ್ತಿದ್ದೆ. ನಿನ್ನದಕ್ಕೆ ಬ್ಯಾಂಕಿನ ಸಾಲವೇ ತೀರಿಲ್ಲ. ಮೇಲಾಗಿ ನೀನಿರುವುದು ಬೆಳ್ಳಂದೂರಿನ ಅಪಾರ್ಟ್‌ಮೆಂಟಿನಲ್ಲಿ, ಕಾರು ನಿಲ್ಲುವುದು ಬೇಸ್‌ಮೆಂಟಿನಲ್ಲಿ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ಕಡೆ ಕಾರುಗಳು ಮುಳುಗಿ ನಿಂತಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ನೀರು ಹೊಕ್ಕ ಇಂಜಿನ್ನನ್ನು ಸ್ಟಾರ್ಟ್ ಮಾಡಿ ಅದು ಕೆಟ್ಟರೆ ಸಾಮಾನ್ಯ ಫುಲ್ ಇನ್ಶೂರೆನ್ಸೂ ಕೊಡುವುದಿಲ್ಲ, ಇಂಜಿನ್ ಪ್ರೊಟೆಕ್ಟ್ ಎಂಬ ಆಡ್‌ಆನ್ ಬೇಕು. ಬೇರೆ ಯಾವುದನ್ನು ತೆಗೆದರೂ ಅದನ್ನು ಉಳಿಸಿಕೊ. ಒಂದು ಮಳೆಗೆ ಕಾರೂ ಹೋಗಿ, ಸಾಲದ ಕಂತೂ ಉಳಿಯುವುದು ಬೇಡ.

ನಿನ್ನ ಪಾಲಿಸಿ ಇದೇ ತಿಂಗಳ 28ರ ಮಧ್ಯರಾತ್ರಿಗೆ ಮುಗಿಯುತ್ತದೆಂದು ನಿಮ್ಮಪ್ಪ ಹೇಳಿದ. ಅದಕ್ಕೆ ಮೊದಲೇ ಕಟ್ಟಿ ನನಗೊಂದು ಫೋನ್ ಮಾಡು. ಹೊಸ ಪಾಲಿಸಿ ಕೈಗೆ ಬಾರದೆ 29ರ ಬೆಳಿಗ್ಗೆ ಕಾರು ತೆಗೆಯಬೇಡ.

ಇಂತಿ ನಿನ್ನ ಸೋದರತ್ತೆ,
ದಾವಣಗೆರೆ